ತಂತಿ ಕಿತ್ತರೆ ಹೋಗುವ ನಾದ

ಲಿಂಡ್‌ಹೋಲ್ಮೆನ್‌ನಿಂದ ಈ ತಿಂಗಳ ಮಾತು. ರೇಡಿಯೊದಲ್ಲಿ ಸಮಯ ಸಾಲದೆ ಬಿಟ್ಟ ಕೆಲವು ಸಂಗತಿಗಳನ್ನು ಇಲ್ಲಿ ಸೇರಿಸಿದ್ದೇನೆ. ಹಾಗಾಗಿ ಕೇಳಿದವರೂ ಇನ್ನೊಮ್ಮೆ ಓದಬಹುದು.

ಮೊದಲು ಒಂದು ತಪ್ಪೊಪ್ಪಿಗೆ. ಹೋದ ವರ್ಷದ ರಾಜ್ಯೋತ್ಸವಕ್ಕೆ ಹೆಸರು ಕೊಡಲು ಬಂದವರಲ್ಲಿ ನಿಮ್ಮದೇ ವಯಸ್ಸಿನ ಒಬ್ಬ ಹುಡುಗನಿದ್ದ. "ಏನು ಹಾಡ್ತೀಯಪ್ಪ?" ಅಂದೆ. "ಹಾಡಲ್ಲ ಆಂಟಿ, ಮಾಡ್ಯುಲರ್ ನುಡಿಸ್ತೀನಿ" ಅಂದ. ಫೋನಿನಲ್ಲಿ ಚಿತ್ರ ತೋರಿಸಿದ. ಒಂದು ಪೆಟ್ಟಿಗೆ, ಅದರ ತುಂಬ ತಿರುಗುಗುಂಡಿ, ಪುಟ್ಟ ದೀಪ, ತೂತು. ಒಂದು ತೂತಿನಿಂದ ಇನ್ನೊಂದಕ್ಕೆ ಬಣ್ಣಬಣ್ಣದ ತಂತಿ. ನನಗೆ ಹಳೇ ಟೆಲಿಫೋನ್ ಎಕ್ಸ್‌ಚೇಂಜ್ ನೆನಪಾಯಿತು. "ಇದು ಸಂಗೀತ ಅಲ್ಲ ಕಣೋ, ಸೌಂಡು. ಹಿರಿಯರೆಲ್ಲ ಬಂದಿರ್ತಾರೆ" ಅಂದುಬಿಟ್ಟೆ. ಅವನು ವಾದ ಮಾಡಲಿಲ್ಲ. ಆಮೇಲೆ ಭಾನುವಾರದ ಕನ್ನಡ ತರಗತಿಗೂ ಬರುವುದನ್ನು ನಿಲ್ಲಿಸಿದ. ಎಷ್ಟೋ ಮಕ್ಕಳು ಪರೀಕ್ಷೆ, ಫುಟ್‌ಬಾಲ್ ಅಂತ ಬಿಡುತ್ತಾರೆ, ಇವನೂ ಹಾಗೇ ಅಂದುಕೊಂಡು ಸುಮ್ಮನಾದೆ.

ಕನ್ನಡದಲ್ಲಿ ಎಂ.ಎ. ಮಾಡಿದವಳು ನಾನು. "ಸೌಂಡು ಬೇರೆ, ಸಂಗೀತ ಬೇರೆ" ಎಂದು ಹೇಳುವ ಮೊದಲು ನನ್ನ ಪಠ್ಯವನ್ನೇ ಒಮ್ಮೆ ನೆನಪಿಸಿಕೊಳ್ಳಬೇಕಿತ್ತು. 13ನೇ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ' ಎಂಬ ವ್ಯಾಕರಣ ಬರೆದ. ಅಕ್ಷರಮಾಲೆಗೂ ಮೊದಲು ಅವನು ಹೇಳುವುದು ಧ್ವನಿ ಹುಟ್ಟುವ ಬಗೆಯನ್ನು. ಜೀವದ ಇಚ್ಛೆಯಿಂದ, ಅನುಕೂಲವಾದ ಗಾಳಿಯಿಂದ, ಹೊಕ್ಕುಳ ಬುಡದಲ್ಲಿ ಕಹಳೆಯ ರೀತಿಯಲ್ಲಿ ಶಬ್ದವೆಂಬ ವಸ್ತು ಹುಟ್ಟುತ್ತದೆ, ಅದರ ಬಣ್ಣ ಬಿಳಿ ಎನ್ನುತ್ತಾನೆ. ಶಬ್ದಕ್ಕೆ ಬಣ್ಣವೇ ಎಂದು ನಾವು ತರಗತಿಯಲ್ಲಿ ನಗುತ್ತಿದ್ದೆವು. ಸಿಂಥೆಸೈಜರ್‌ನವರು ಎಲ್ಲ ಆವರ್ತನಗಳೂ ಸಮವಾಗಿ ಬೆರೆತ ಸದ್ದನ್ನು 'ವೈಟ್ ನಾಯ್ಸ್' ಅನ್ನುತ್ತಾರೆ ಎಂದು ತಿಳಿದಾಗ ನಗು ನಿಂತಿತು. (ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. 'ಎಲ್ಲ ನಮ್ಮಲ್ಲೇ ಇತ್ತು' ಅನ್ನುವವರ ಸಾಲಿಗೆ ನನ್ನನ್ನು ಸೇರಿಸಬೇಡಿ.)

ನನಗೆ ಮುಖ್ಯವಾಗಿ ಕಂಡದ್ದು ಕೇಶಿರಾಜ ಧ್ವನಿಯನ್ನು ಬಿಡಿಸಿ ನೋಡಿದ ರೀತಿ: ಇಚ್ಛೆ, ಗಾಳಿ, ಕಹಳೆ. ಈಗ ನೀವೇ ಒಂದು ಸಣ್ಣ ಪ್ರಯೋಗ ಮಾಡಿ. ಒಂದೇ ಶ್ರುತಿಯಲ್ಲಿ ಉಸಿರು ಹಿಡಿದು 'ಆ' ಅನ್ನಿ, ನಿಲ್ಲಿಸದೆ 'ಈ'ಗೆ ಹೋಗಿ, ಆಮೇಲೆ 'ಊ'ಗೆ. ಶ್ರುತಿ ಬದಲಾಗಲಿಲ್ಲ, ಬದಲಾದದ್ದು ಬಾಯಿಯ ಆಕಾರ. ಗಂಟಲಲ್ಲಿ ಕಂಪಿಸುವ ಪಟ್ಟಿಗಳು ಸದ್ದನ್ನು ಹುಟ್ಟಿಸುತ್ತವೆ. ಬಾಯಿ ಅದರಲ್ಲಿ ಕೆಲವು ಮೇಲ್ಸ್ವರಗಳನ್ನು ತಡೆದು ಕೆಲವನ್ನು ಬಿಡುತ್ತದೆ. ಉಸಿರಿನ ಒತ್ತಡ ಎಷ್ಟು ಜೋರು ಎಂಬುದನ್ನು ನಿರ್ಧರಿಸುತ್ತದೆ. ಮಾಡ್ಯುಲರ್‌ನಲ್ಲಿ ಈ ಮೂರು ಕೆಲಸಕ್ಕೆ ಮೂರು ಬೇರೆ ಬೇರೆ ತುಂಡುಗಳಿವೆ: ಆಸಿಲೇಟರ್, ಫಿಲ್ಟರ್, ಆಂಪ್ಲಿಫೈಯರ್. ನಾಲ್ಕನೆಯದು ಎನ್ವಲಪ್. ಸದ್ದು ಹೇಗೆ ಏರಬೇಕು, ಎಷ್ಟು ಹೊತ್ತು ನಿಲ್ಲಬೇಕು, ಹೇಗೆ ಇಳಿಯಬೇಕು ಎಂದು ಅದು ಹೇಳುತ್ತದೆ. ಕೇಶಿರಾಜನ 'ಇಚ್ಛೆ'ಯ ಜಾಗದಲ್ಲಿ ಇಲ್ಲಿ ಇರುವುದು ವೋಲ್ಟೇಜು.

1964ರಲ್ಲಿ ಅಮೆರಿಕದ ರಾಬರ್ಟ್ ಮೋಗ್ ಎಂಬ ಎಂಜಿನಿಯರ್ ಮಾಡಿದ ದೊಡ್ಡ ಕೆಲಸ ಇದೇ. ಸ್ವರದ ಎತ್ತರ, ಫಿಲ್ಟರಿನ ಬಾಯಿ, ಸದ್ದಿನ ಜೋರು, ಎಲ್ಲವನ್ನೂ ವಿದ್ಯುತ್ ಒತ್ತಡದಿಂದಲೇ ನಡೆಸುವಂತೆ ಮಾಡಿದ. ಕೈಯಿಂದ ತಿರುಗಿಸುವ ಗುಂಡಿಯನ್ನು ಇನ್ನೊಂದು ತುಂಡೇ ತಿರುಗಿಸಬಹುದು ಎಂದಾಯಿತು. ನಿಧಾನವಾಗಿ ಏರಿಳಿಯುವ ಒಂದು ಅಲೆಯನ್ನು ಸ್ವರದ ಎತ್ತರಕ್ಕೆ ಜೋಡಿಸಿದರೆ ಸ್ವರ ತೂಗಾಡುತ್ತದೆ. ಅದೇ ತಂತಿಯನ್ನು ಕಿತ್ತು ಫಿಲ್ಟರಿಗೆ ಹಾಕಿದರೆ ಯಾರೋ 'ಊ-ಆ-ಊ' ಅಂದಂತೆ ಕೇಳುತ್ತದೆ. ಆಂಪ್ಲಿಫೈಯರಿಗೆ ಹಾಕಿದರೆ ಸದ್ದು ಹತ್ತಿರ ಬಂದು ದೂರ ಹೋಗುತ್ತದೆ. ಮೂರು ಸಲವೂ ತುಂಡುಗಳು ಅವೇ, ಕೂಡಿಸಿದ ರೀತಿ ಬೇರೆ. ವ್ಯಾಕರಣ ಓದಿದ ನನಗೆ ಇದು ಸಮಾಸದಂತೆ ಕಂಡಿತು. 'ಮರ' ಮತ್ತು 'ಕಾಲು' ಎರಡೂ ಗೊತ್ತಿದ್ದವನಿಗೂ 'ಮರಗಾಲು' ಹೊಸ ಮಾತು ತಾನೆ?

ಹೆಚ್ಚು ಕಡಿಮೆ ಅದೇ ಸಮಯಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಡಾನ್ ಬುಕ್ಲಾ ಇನ್ನೊಂದು ಯಂತ್ರ ಕಟ್ಟಿದ. ಮೋಗ್ ತನ್ನದಕ್ಕೆ ಪಿಯಾನೊ ಮಾದರಿಯ ಕಪ್ಪು ಬಿಳಿ ಮಣೆ ಸೇರಿಸಿದ. ಬುಕ್ಲಾ ಅದನ್ನು ಬೇಡ ಅಂದ. ಆ ಮಣೆ ಇದ್ದರೆ ಕೈ ಹಳೇ ಸಂಗೀತವನ್ನೇ ಹುಡುಕುತ್ತದೆ ಎಂಬುದು ಅವನ ಆತಂಕ. ಈ ಜಗಳ ನೆನಪಿಡಿ, ಮುಂದೆ ನಮ್ಮ ಗಾಂಧಾರದ ವಿಷಯಕ್ಕೆ ಬೇಕಾಗುತ್ತದೆ.

1969ರಲ್ಲಿ ಒಂದು ಮೋಗ್ ಮಾಡ್ಯುಲರ್ ಭಾರತಕ್ಕೆ ಬಂತು. ಬಂದದ್ದು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ, ಅಂದರೆ ಎನ್‌ಐಡಿಗೆ. ಅದರ ಹಿಂದೆ ಇದ್ದವರಲ್ಲಿ ಗೀತಾ ಸಾರಾಭಾಯಿ ಮುಖ್ಯರು. ಪಖವಾಜ್ ನುಡಿಸುತ್ತಿದ್ದ ಹೆಂಗಸು ಅವರು, ಆ ಕಾಲಕ್ಕೆ ಅದೇ ದೊಡ್ಡ ಮಾತು. 1946ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಕೇಜ್ ಎಂಬ ಸಂಗೀತಗಾರನಿಗೆ ಭಾರತೀಯ ಸಂಗೀತ ಹೇಳಿಕೊಟ್ಟು, ಬದಲಿಗೆ ಅವನಿಂದ ಪಾಶ್ಚಾತ್ಯ ಸಂಗೀತದ ಪಾಠ ಹೇಳಿಸಿಕೊಂಡವರು. ಕೇಜನ ಗೆಳೆಯ ಡೇವಿಡ್ ಟ್ಯೂಡರ್ ಅಹಮದಾಬಾದಿಗೆ ಬಂದು ಸ್ಟುಡಿಯೊ ಜೋಡಿಸಿ, ಅಲ್ಲಿಯವರಿಗೆ ಕಲಿಸಿದ. ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮ, ಜಿನರಾಜ್ ಜೋಶಿಪುರ ಮೊದಲಾದವರು ಅಲ್ಲಿ ಕೆಲಸ ಮಾಡಿದರು. ಜೋಶಿಪುರ ಆಗ ಇನ್ನೂ ವಿದ್ಯಾರ್ಥಿ. ಅವರ ಒಂದು ರಚನೆಯ ಹೆಸರು 'ಸ್ಪೇಸ್ ಲೈನರ್ 2001'. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ದಿನಗಳವು. ನಿಮ್ಮ ವಯಸ್ಸಿನ ಒಬ್ಬ ಭಾರತದಲ್ಲಿ ಕೂತು ಅಂತರಿಕ್ಷಯಾನದ ಸದ್ದನ್ನು ತಂತಿಗಳಿಂದ ಹೆಣೆಯುತ್ತಿದ್ದ.

ಮೂರು ವರ್ಷ ನಡೆಯಿತು. 1972ರ ಹೊತ್ತಿಗೆ ನಿಂತಿತು. ಟೇಪುಗಳು ಸಂಸ್ಥೆಯ ಕಪಾಟು ಸೇರಿದವು. ಬ್ರಿಟನ್ನಿನ ಪಾಲ್ ಪರ್ಗಾಸ್ ಎಂಬ ಕಲಾವಿದ 2017ರಲ್ಲಿ ಅವುಗಳನ್ನು ಹುಡುಕಿ ತೆಗೆಯುವ ತನಕ ಹೊರಗಿನ ಲೋಕಕ್ಕೆ ಅವು ಇಲ್ಲವೇ ಇಲ್ಲ. 2023ರಲ್ಲಿ ಆಯ್ದ ಭಾಗಗಳು ಧ್ವನಿಮುದ್ರಿಕೆಯಾಗಿ ಬಂದವು. ನಡುವೆ ನಲವತ್ತೈದು ವರ್ಷ. ಆ ನಲವತ್ತೈದು ವರ್ಷದಲ್ಲಿ ನಮ್ಮ ದೇಶದ ಹುಡುಗ ಹುಡುಗಿಯರು ಯಾರಾದರೂ "ಎಲೆಕ್ಟ್ರಾನಿಕ್ ಸಂಗೀತ ಮಾಡ್ತೀನಿ" ಅಂದಾಗ ನನ್ನಂಥ ಎಷ್ಟು ಜನ "ಅದು ನಮ್ಮದಲ್ಲ" ಅಂದಿರಬಹುದು ಎಂದು ಯೋಚಿಸುತ್ತೇನೆ. ಉತ್ತರ ಕೊಡಲು ಅವರ ಕೈಯಲ್ಲಿ ಟೇಪು ಇರಲಿಲ್ಲ.

ನೀವು ಹುಟ್ಟಿ ಬೆಳೆದ ಈ ದೇಶದ ಕಥೆ ಬೇರೆ ದಾರಿ ಹಿಡಿಯಿತು. ಸ್ವೀಡಿಷ್ ರೇಡಿಯೊ 1964ರಲ್ಲಿ ಸ್ಟಾಕ್‌ಹೋಮಿನಲ್ಲಿ ಎಲೆಕ್ಟ್ರಾನ್‌ಮ್ಯೂಸಿಕ್‌ಸ್ಟುಡಿಯೊನ್ ಆರಂಭಿಸಿತು. ಚಿಕ್ಕದಾಗಿ ಇಎಂಎಸ್. ಅದರ ಮೊದಲ ಮುಖ್ಯಸ್ಥ ನಾರ್ವೆಯಿಂದ ಬಂದ ಕ್ನೂಟ್ ವಿಗ್ಗೆನ್. ಅಲ್ಲಿಯೂ ಹಣದ ಜಗಳ, ಮನಸ್ತಾಪ ಎಲ್ಲ ನಡೆದಿದೆ. ವಿಗ್ಗೆನ್ ಕೂಡ 1970ರ ದಶಕದ ನಡುವೆ ಬಿಟ್ಟು ಹೋದ. ಆದರೆ ಬಾಗಿಲು ಮುಚ್ಚಲಿಲ್ಲ. ಅಲ್ಲಿರುವ ಹಳೇ ಬುಕ್ಲಾ 200 ಯಂತ್ರವನ್ನು ಇಂದಿಗೂ ಸಂಗೀತಗಾರರು ನುಡಿಸುತ್ತಾರೆ, ಬೇರೆ ದೇಶದವರೂ ಬಂದು ಕೆಲಸ ಮಾಡುತ್ತಾರೆ. ಇಟಲಿಯ ಕ್ಯಾಟರಿನಾ ಬಾರ್ಬಿಯೇರಿ 2014ರ ತನ್ನ ಮೊದಲ ಆಲ್ಬಮ್ಮನ್ನು ಮಾಡಿದ್ದು ಆ ಯಂತ್ರದಲ್ಲೇ. ಅಹಮದಾಬಾದಿನವರಿಗೆ ಪ್ರತಿಭೆ ಕಡಿಮೆ ಇತ್ತೆಂದು ಯಾರೂ ಹೇಳಲಾರರು. ಇಲ್ಲಿ ಯಂತ್ರವನ್ನು ಒರೆಸಿ, ರಿಪೇರಿ ಮಾಡಿ, ಮುಂದಿನವರಿಗೆ ಬೀಗದ ಕೈ ಕೊಡುವ ಜನ ಐವತ್ತು ಅರವತ್ತು ವರ್ಷ ಇದ್ದರು, ಅಲ್ಲಿ ಇರಲಿಲ್ಲ.

ನಮ್ಮ ಊರಿನದೂ ಒಂದು ಸಂಗತಿ ಇದೆ. 1998ರಲ್ಲಿ ಗೋಥೆನ್‌ಬರ್ಗಿನಲ್ಲಿ, ಚಾಲ್ಮರ್ಸ್ ವಿದ್ಯಾರ್ಥಿಗಳು ಎಲೆಕ್ಟ್ರಾನ್ ಎಂಬ ಕಂಪನಿ ಕಟ್ಟಿದರು. ಅವರ ಮೊದಲ ವಾದ್ಯ ಸಿಡ್‌ಸ್ಟೇಷನ್. ಮಕ್ಕಳು ಆಟ ಆಡುತ್ತಿದ್ದ ಕಮೊಡೋರ್ 64 ಕಂಪ್ಯೂಟರಿನ ಸದ್ದಿನ ಚಿಪ್ಪನ್ನು ತೆಗೆದು ಅದಕ್ಕೊಂದು ವಾದ್ಯದ ಮೈ ಕೊಟ್ಟರು. ಇದೇ ದಶಕದ ನಡುವೆ ಜರ್ಮನಿಯ ಡೀಟರ್ ಡೋಪ್ಫರ್ ಚಿಕ್ಕ ಅಳತೆಯ ಮಾಡ್ಯೂಲುಗಳನ್ನು ತಂದ. ಈಗ ಯೂರೋರ್ಯಾಕ್ ಅನ್ನುವುದು ಅದನ್ನೇ. ಬೇರೆ ಬೇರೆಯವರು ಮಾಡಿದ ತುಂಡುಗಳೂ ಒಂದೇ ಪೆಟ್ಟಿಗೆಯಲ್ಲಿ ಕೂರುತ್ತವೆ. ಗೋಡೆಯಷ್ಟಿದ್ದ ಯಂತ್ರ ಬೆನ್ನುಚೀಲಕ್ಕೆ ಇಳಿಯಿತು. ಬೆಲೆ ಮಾತ್ರ ಇಳಿಯಲಿಲ್ಲ ಅನ್ನುತ್ತಾರೆ ನಿಮ್ಮ ಅಪ್ಪ ಅಮ್ಮಂದಿರು.

ಇನ್ನು ಬೆಂಗಳೂರು. ಅಲ್ಲಿಂದಲೂ ಒಂದು ಸಿಂಥೆಸೈಜರ್ ಬಂತು ಎಂದರೆ ನಂಬುತ್ತೀರಾ? ನಿಮ್ಮ ಮನೆಯ ದೇವರ ಕೋಣೆಯಲ್ಲೋ ಸಂಗೀತ ಪಾಠದ ಮೇಷ್ಟ್ರ ಪಕ್ಕದಲ್ಲೋ ಅದು ಇದೆ. ಎಂಜಿನಿಯರ್, ಕೊಳಲು ಕಲಿತವರು, ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮಾಡಿದರು. ರಾಡೆಲ್ ಅವರ ಕಂಪನಿ. ಸ್ವರ ಹುಟ್ಟಿಸುವ ಮಂಡಲ, ಅದನ್ನು ಏರಿಳಿಸುವ ಗುಂಡಿ, ಒಂದಾದ ಮೇಲೊಂದು ತಂತಿ ಮೀಟಿದಂತೆ ಕೇಳಿಸುವ ಗತಿ: ಪ, ಸ, ಸ, ಮಂದ್ರ ಸ. ಬೇರೆ ಬೇರೆ ಕೆಲಸಗಳನ್ನು ಕೂಡಿಸಿ, ತಂತಿಗಳನ್ನು ಒಳಗೇ ಬೆಸೆದು, ಮುಚ್ಚಳ ಹಾಕಿದ ಮಾಡ್ಯುಲರ್ ಅದು. ಆಗಲೂ "ತಂಬೂರಿಯ ಜೀವ ಇದರಲ್ಲಿಲ್ಲ" ಅಂದ ವಿದ್ವಾಂಸರಿದ್ದರು. ಮಾತು ಪೂರಾ ಸುಳ್ಳಲ್ಲ. 1990ರ ದಶಕದಲ್ಲಿ ನಿಜವಾದ ತಂಬೂರಿಯ ನಾದವನ್ನೇ ಮುದ್ರಿಸಿ ಚಿಪ್ಪಿಗೆ ತುಂಬುವ ತನಕ ದನಿಯಲ್ಲಿ ಕೊರತೆ ಇತ್ತು.

ಆ ಜೀವ ಇರುವುದು ಎಲ್ಲಿ? ಸಿ.ವಿ. ರಾಮನ್ 1921ರಲ್ಲೇ ಇದನ್ನು ಬರೆದಿದ್ದರು, ಇನ್ನೂ ಕಲ್ಕತ್ತೆಯಲ್ಲಿದ್ದಾಗ. ತಂಬೂರಿಯ ಕುದುರೆ ಚೂಪಾಗಿಲ್ಲ, ಬಾಗಿದ ಬೆನ್ನಿನಂತಿದೆ. ತಂತಿಗೂ ಅದಕ್ಕೂ ನಡುವೆ ಒಂದು ನೂಲಿನ ಎಳೆ. ತಂತಿ ಕುದುರೆಯ ಬೆನ್ನನ್ನು ಮತ್ತೆ ಮತ್ತೆ ಸವರುವುದರಿಂದ, ಮೀಟಿದ ಜಾಗದ ಲೆಕ್ಕದಲ್ಲಿ ಬರಬಾರದ ಮೇಲ್ಸ್ವರಗಳೂ ಎದ್ದು ಬರುತ್ತವೆ. ಜೀವಾಳಿ ಅನ್ನುತ್ತೇವಲ್ಲ, ಅದು. ರಾಮನ್ 1933ರಲ್ಲಿ ಬೆಂಗಳೂರಿಗೆ ಬಂದ ಮೇಲೆ ನಮ್ಮ ಚರ್ಮವಾದ್ಯಗಳ ಬಗ್ಗೆಯೂ ಬರೆದರು. ಮೃದಂಗದ ಕರಣೆ ಸದ್ದನ್ನು ಸ್ವರವಾಗಿಸುವ ಬಗೆ ಅದರ ವಿಷಯ. ನೂಲಿನ ಒಂದು ಎಳೆ, ಕರಿಯ ಲೇಪದ ಒಂದು ವೃತ್ತ. ಸೌಂಡ್ ಡಿಸೈನ್ ಅಂದರೆ ಇದಲ್ಲದೆ ಇನ್ನೇನು?

ಈಗ ಆ ಹುಡುಗನ ಕಥೆಗೆ ಬರುತ್ತೇನೆ. ಈ ವಸಂತದಲ್ಲಿ ಅವನೇ ಫೋನ್ ಮಾಡಿದ. "ಆಂಟಿ, ಹಸೆ ಅಂದ್ರೆ ಏನು?" ಹಾಸನದ ಹತ್ತಿರ ಇರುವ ಅವನ ಅಜ್ಜಿ ಹೇಳಿದ ಹಸೆ ಹಾಡನ್ನು ಫೋನಿನಲ್ಲಿ ಮುದ್ರಿಸಿಕೊಂಡಿದ್ದ, ಮಾತು ಅರ್ಥವಾಗಿರಲಿಲ್ಲ. ಮದುಮಕ್ಕಳನ್ನು ಕೂರಿಸುವ, ಚಿತ್ತಾರ ಬರೆದ ಮಣೆ ಅಂದೆ. ಮನೆಗೆ ಬಾ ಅಂದೆ. ಸ್ಟೆನ್‌ಪಿರೆನ್‌ನಿಂದ ದೋಣಿ ಹತ್ತಿ, ಪೆಟ್ಟಿಗೆ ಹೊತ್ತು ಬಂದ.

ಅಜ್ಜಿಯ ದನಿಯ ಕೆಳಗೆ ಅವನು ತಂಬೂರಿಯ ಹಾಗೆ ನಾದ ಹಾಕಿದ್ದ. ನಾಲ್ಕು ಮೀಟು, ಪ್ರತಿ ಮೀಟಿಗೂ ಫಿಲ್ಟರಿನ ಬಾಯಿ ಮೆಲ್ಲಗೆ ತೆರೆದು ಮುಚ್ಚಿ, ಜೀವಾಳಿಯ ಹಾಗೇ ಮಿನುಗುತ್ತಿತ್ತು. ನಾನು ಸೋತೆ ಅಂದುಕೊಂಡೆ. ಅಷ್ಟರಲ್ಲಿ ಹಾಡಿನ ಜೊತೆ ನುಡಿಸಿದ ಸ್ವರಗಳು ಬಂದವು, ನನ್ನ ಕಿವಿ ಚುಚ್ಚಿತು. "ಗಾಂಧಾರ ಸರಿ ಇಲ್ಲ ಕಣೋ." ಅವನ ಮುಖ ಬಿಗಿಯಿತು. "ಟ್ಯೂನರ್‌ನಲ್ಲಿ ಕರೆಕ್ಟಾಗಿದೆ ಆಂಟಿ." ಮತ್ತೆ ಹಳೇ ಜಗಳವೇ ಎಂದು ಅವನಿಗೆ ಅನಿಸಿರಬೇಕು. ನನಗೂ ಕಾರಣ ಹೇಳಲು ಬರಲಿಲ್ಲ, ಕಿವಿಗೆ ಗೊತ್ತಿತ್ತು ಅಷ್ಟೆ. ಇಬ್ಬರೂ ಕಾಫಿ ಕುಡಿದು ಲೆಕ್ಕಕ್ಕೆ ಕೂತೆವು.

ಲೆಕ್ಕ ಸುಲಭವಾಗಲಿ ಎಂದು ಷಡ್ಜವನ್ನು 200 ಹರ್ಟ್ಜ್ ಎಂದಿಟ್ಟುಕೊಳ್ಳಿ. ಯೂರೋರ್ಯಾಕ್‌ನಲ್ಲಿ ಒಂದು ವೋಲ್ಟ್ ಏರಿಸಿದರೆ ಸ್ವರ ಒಂದು ಸ್ಥಾಯಿ ಏರುತ್ತದೆ, 400 ಆಗುತ್ತದೆ. ಪಿಯಾನೊ ಮಣೆ ಆ ಒಂದು ವೋಲ್ಟನ್ನು ಹನ್ನೆರಡು ಸಮಪಾಲು ಮಾಡುತ್ತದೆ. ಪಂಚಮಕ್ಕೆ ಏಳು ಪಾಲು, 0.583 ವೋಲ್ಟ್. ತಂಬೂರಿಯ ಶುದ್ಧ ಪಂಚಮ 300 ಹರ್ಟ್ಜ್, ಅದಕ್ಕೆ ಬೇಕಾದದ್ದು 0.585. ವ್ಯತ್ಯಾಸ ಕಿವಿಗೆ ಅಷ್ಟಾಗಿ ಸಿಗದು. ಅಂತರ ಗಾಂಧಾರದ ಕಥೆ ಹಾಗಲ್ಲ. ಷಡ್ಜದ ತಂತಿಯ ಐದನೇ ಮೇಲ್ಸ್ವರವಾಗಿ ಗಾಂಧಾರ ತಾನಾಗಿಯೇ 1000 ಹರ್ಟ್ಜ್‌ನಲ್ಲಿ ಕೇಳಿಸುತ್ತಿರುತ್ತದೆ. ಅದಕ್ಕೆ ಹೊಂದುವ ಗಾಂಧಾರ 250 ಹರ್ಟ್ಜ್, 0.322 ವೋಲ್ಟ್. ಮಣೆಯ ಲೆಕ್ಕದಲ್ಲಿ ನಾಲ್ಕು ಪಾಲು, 0.333 ವೋಲ್ಟ್, ಸುಮಾರು 252 ಹರ್ಟ್ಜ್. ಅದರ ನಾಲ್ಕನೇ ಮೇಲ್ಸ್ವರ 1008. ಒಂದು ಕಡೆ 1000, ಇನ್ನೊಂದು ಕಡೆ 1008. ಸೆಕೆಂಡಿಗೆ ಎಂಟು ಸಲ ಎರಡೂ ಢಿಕ್ಕಿ ಹೊಡೆಯುತ್ತವೆ. ನನ್ನ ಕಿವಿ ಚುಚ್ಚಿದ್ದು ಆ ನಡುಕ.

ಹುಡುಗ ನಗಲು ಶುರುಮಾಡಿದ. ಅವನ ಪೆಟ್ಟಿಗೆಯಲ್ಲಿ ಕ್ವಾಂಟೈಜರ್ ಎಂಬ ತುಂಡಿತ್ತು. ಬಂದ ವೋಲ್ಟೇಜನ್ನೆಲ್ಲ ಹನ್ನೆರಡು ಮೆಟ್ಟಿಲಿಗೆ ದಬ್ಬುವುದೇ ಅದರ ಕೆಲಸ. ಬುಕ್ಲಾ ಬೇಡ ಅಂದ ಮಣೆ ಬೇರೆ ವೇಷದಲ್ಲಿ ಒಳಗೆ ಕೂತಿತ್ತು. ಅವನು ಅದರ ತಂತಿ ಕಿತ್ತು, ಗುಂಡಿಯನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದ. ನಡುಕ ನಿಧಾನವಾಯಿತು, ಆಮೇಲೆ ನಿಂತಿತು. ಕೋಣೆ ಒಮ್ಮೆಲೇ ಅಗಲವಾದಂತೆ ಅನಿಸಿತು. ಅಲ್ಲಿಂದ ಮುಂದೆ ಅವನೇ ದಾರಿ ಹಿಡಿದ. ಸ್ವರದಿಂದ ಸ್ವರಕ್ಕೆ ಹಾರದೆ ಜಾರುವಂತೆ ಒಂದು ತುಂಡು ಸೇರಿಸಿದ. ಗಮಕ ಅನ್ನಲಾರೆ, ಗಮಕದ ಅಂಬೆಗಾಲು. ಸಮ ಅಲೆಯಿಂದ ಕಂಪಿತ ಮಾಡಲು ಹೋದರೆ ಐಸ್‌ಕ್ರೀಮ್ ಗಾಡಿಯ ಹಾಗೆ ಕೇಳಿಸಿ ಇಬ್ಬರೂ ನಕ್ಕೆವು. ನಮ್ಮ ಗಮಕ ಒಂದೇ ಅಳತೆಯಲ್ಲಿ ತೂಗುವುದಿಲ್ಲ. ಅಲೆಯ ವೇಗವನ್ನೇ ಇನ್ನೊಂದು ಎನ್ವಲಪ್ಪಿನಿಂದ ಬದಲಿಸಿದಾಗ ಸ್ವಲ್ಪ ಹತ್ತಿರ ಬಂತು.

ಆ ಸಂಜೆ ಕಿಟಕಿಯಾಚೆಯ ಸದ್ದುಗಳನ್ನೂ ಮಾಡಿ ನೋಡಿದೆವು. ವೈಟ್ ನಾಯ್ಸನ್ನು ಫಿಲ್ಟರಿಗೆ ಹಾಕಿ, ನಿಧಾನದ ಅಲೆಯಿಂದ ಅದರ ಬಾಯಿ ತೆರೆದು ಮುಚ್ಚಿದರೆ ಯೋತಾ ನದಿಯ ನೀರು ದಡಕ್ಕೆ ಬಡಿಯುತ್ತದೆ. ಅದೇ ನಾಯ್ಸಿಗೆ ತಟ್ಟನೆ ಏರಿ ತಟ್ಟನೆ ಇಳಿಯುವ ಎನ್ವಲಪ್ ಕೊಟ್ಟರೆ ಸುತ್ತಿಗೆಯ ಏಟು. ಎರಡು ಆಸಿಲೇಟರ್‌ಗಳನ್ನು ರಿಂಗ್ ಮಾಡ್ಯುಲೇಟರ್‌ನಲ್ಲಿ ಗುಣಿಸಿದರೆ ಅವೆರಡೂ ಮಾಯವಾಗಿ, ಅವುಗಳ ಮೊತ್ತವೂ ವ್ಯತ್ಯಾಸವೂ ಕೇಳುತ್ತವೆ: ಜಾಗಟೆಯಂಥ ಲೋಹದ ದನಿ. ನೀರು, ಸುತ್ತಿಗೆ, ಲೋಹ. ನಾವು ವಾಸ ಮಾಡುವ ಈ ಜಾಗ ಹಡಗು ಕಟ್ಟುವ ಅಂಗಳವಾಗಿತ್ತು, ನಿಮಗೆ ಗೊತ್ತಿರಬೇಕು. 1970ರ ದಶಕದ ಬಿಕ್ಕಟ್ಟಿನಲ್ಲಿ ದಡದ ಅಂಗಳಗಳು ಒಂದೊಂದೇ ಮುಚ್ಚಿದವು. ಸ್ಲೊಟ್ಸ್‌ಬೆರ್ಯೆಟ್ ಗುಡ್ಡದ ಮರದ ಮನೆಗಳು ಆ ಕೆಲಸಗಾರರ ಕಾಲದವು. ಈಗ ಅಲ್ಲಿ ನಿಮ್ಮ ಅಪ್ಪ ಅಮ್ಮಂದಿರ ಆಫೀಸುಗಳು, ಚಾಲ್ಮರ್ಸಿನ ಕ್ಯಾಂಪಸ್ಸು. ಕಟ್ಟಡಗಳ ಫೋಟೊ ಬೇಕಾದಷ್ಟಿವೆ. ಬೆಳಗಿನಿಂದ ಸಂಜೆಯವರೆಗೆ ಇಲ್ಲಿ ಕೇಳುತ್ತಿದ್ದ ಬಡಿತ ನೆನಪಿರುವವರು ಕಡಿಮೆಯಾಗುತ್ತಿದ್ದಾರೆ.

ಹೊರಡುವ ಹೊತ್ತಿಗೆ ಅವನು ತಂತಿಗಳನ್ನು ಕೀಳತೊಡಗಿದ. "ಅಯ್ಯೋ, ಸೇವ್ ಮಾಡಲ್ವ?" ಅಂದೆ. "ಇದ್ರಲ್ಲಿ ಸೇವ್ ಆಗಲ್ಲ ಆಂಟಿ. ತೆಗೆದರೆ ಹೋಯ್ತು." ನಿಜ. ಆ ನಾದ ಯಾವ ತುಂಡಿನಲ್ಲೂ ಇಲ್ಲ, ಜೋಡಣೆಯಲ್ಲಿದೆ. ಜೋಡಣೆ ಹೋದರೆ ಪೆಟ್ಟಿಗೆ ಉಳಿಯುತ್ತದೆ, ನಾದ ಉಳಿಯುವುದಿಲ್ಲ. ನನಗೆ ಎಂ.ಎ. ಪ್ರಬಂಧಕ್ಕೆಂದು ಮುದ್ರಿಸಿದ್ದ ಸೋಬಾನೆ ಹಾಡಿನ ಕ್ಯಾಸೆಟ್ಟುಗಳು ನೆನಪಾದವು. ತವರಿನ ಅಟ್ಟದಲ್ಲಿ ಬೂಷ್ಟು ಹಿಡಿದು ಹೋದವು. ಡಬ್ಬಿಯ ಮೇಲೆ ಹಾಡಿದವರ ಹೆಸರನ್ನೂ ನಾನು ಬರೆದಿರಲಿಲ್ಲ.

ತಡಿ ಅಂದೆ. ಕಾಗದ ತಂದು, ಉಳಿದ ತಂತಿಗಳನ್ನು ಕೀಳುವ ಮೊದಲು ಒಂದೊಂದಾಗಿ ಬರೆದುಕೊಂಡೆವು. ಯಾವುದರಿಂದ ಯಾವುದಕ್ಕೆ, ಗುಂಡಿ ಎಲ್ಲಿಗೆ, ಗಾಂಧಾರ 0.322, ಹಾಡಿದವರು ಅಜ್ಜಿ, ಊರು, ತಾರೀಖು. ಎರಡು ಹಾಳೆ ತುಂಬಿತು. ಒಂದು ಪ್ರತಿ ಅವನ ಹತ್ತಿರ, ಒಂದು ನಮ್ಮ ರೇಡಿಯೊದ ಕಡತದಲ್ಲಿ. ನಿಮ್ಮಲ್ಲಿ ಯಾರ ಹತ್ತಿರವಾದರೂ ಇಂಥ ಪೆಟ್ಟಿಗೆ ಇದ್ದರೆ, ಅಜ್ಜಿಯ ಹಾಡಿದ್ದರೆ, ನಮಗೆ ಕಳಿಸುವಾಗ ಆ ಹಾಳೆಯನ್ನೂ ಸೇರಿಸಿ.

ಈ ನವೆಂಬರಿನ ಕಾರ್ಯಕ್ರಮದಲ್ಲಿ ಅವನಿಗೆ ಹನ್ನೆರಡು ನಿಮಿಷ ಇಟ್ಟಿದ್ದೇವೆ, ಪುಟ್ಟ ಮಕ್ಕಳ ಕೋಲಾಟ ಆದಮೇಲೆ. ಒಂದು ಗಟ್ಟಿ ಟೇಬಲ್ಲು, ಎರಡು ಪ್ಲಗ್ ಪಾಯಿಂಟು ಕೇಳಿದ್ದಾನೆ. ಟೇಬಲ್ಲು ನಮ್ಮ ಮನೆಯದೇ ಹೋಗುತ್ತದೆ.